ಆರಿಂಚಿನ ಆಲ್ಬಂಗೆ ಯಾವ ಕಿಟ್, ಯಾವ ಟೆಂಪ್ಲೇಟ್?

ತೊಟ್ಟಿಲು, ಜಾವಳ, ಕುಬಸ, ಕೊಪ್ಪಳದ ಗವಿಮಠದ ಜಾತ್ರೆಗೆ ಮನೆಮಂದಿಯೆಲ್ಲ ಹೋಗಿಬಂದ ಒಂದು ದಿನ. ಇಂಥವಕ್ಕೆ ಮದುವೆಯ ಕರಿಷ್ಮಾ ಆಲ್ಬಂ ಹೆಚ್ಚಾಯಿತು. ಹಾಗಂತ ಮೊಬೈಲಿನಲ್ಲೇ ಬಿಟ್ಟರೆ ಫೋನು ಕೆಟ್ಟ ದಿನ ಫೋಟೊಗಳೂ ಹೋದವು. ಆರಿಂಚು ಅಗಲ, ಆರಿಂಚು ಎತ್ತರದ, ಹದಿನೆಂಟು ಪುಟದ ಸಣ್ಣ ಆಲ್ಬಂ ಒಂದಿದ್ದರೆ ಅದು ಟಿವಿ ಪಕ್ಕದಲ್ಲೇ ಇರುತ್ತದೆ, ಬಂದವರೆಲ್ಲ ತಿರುವಿ ನೋಡುತ್ತಾರೆ. ಪುಟಗಳನ್ನು ಮನೆಯ ಕಂಪ್ಯೂಟರಿನಲ್ಲೇ ಜೋಡಿಸಿಕೊಂಡು ಬಳ್ಳಾರಿ, ರಾಯಚೂರು, ಕೊಪ್ಪಳದ ಕಲರ್ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಬಹುದು. ಆ ಜೋಡಣೆಗೆ ಬೇಕಾದ ಸಾಮಾನು ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಕಿಟ್ ಮತ್ತು ಟೆಂಪ್ಲೇಟ್.

ಕಿಟ್ ಅಂದರೆ ಹಿನ್ನೆಲೆಯ ಕಾಗದ, ಹೂವು, ರಿಬ್ಬನ್, ಗುಂಡಿ, ಚೌಕಟ್ಟು ಇತ್ಯಾದಿಗಳ ಚಿತ್ರಕಡತಗಳ ಕಟ್ಟು. ಕಾಗದಗಳು ಜೆಪೆಗ್ ಆಗಿರುತ್ತವೆ; ಹೂವು-ರಿಬ್ಬನ್ನುಗಳು ಹಿನ್ನೆಲೆಯಿಲ್ಲದ ಪಿಎನ್‌ಜಿ. ಟೆಂಪ್ಲೇಟ್ ಅಂದರೆ ಫೋಟೊ ಎಲ್ಲಿ, ಕಾಗದ ಎಲ್ಲಿ, ಬರಹ ಎಲ್ಲಿ ಎಂದು ಮೊದಲೇ ಗುರುತು ಹಾಕಿಟ್ಟ ನಕ್ಷೆ. ಕಿಟ್ ಬಟ್ಟೆ ಇದ್ದ ಹಾಗೆ, ಟೆಂಪ್ಲೇಟ್ ಟೇಲರ್ ಹಾಕಿದ ಗುರುತು ಇದ್ದ ಹಾಗೆ. ಹೆಚ್ಚಿನವರು ಬಟ್ಟೆಯ ಬಣ್ಣ ನೋಡಿ ಮರುಳಾಗುತ್ತಾರೆ. ಆಲ್ಬಂ ಸಣ್ಣದಾದಷ್ಟೂ ಬಣ್ಣಕ್ಕಿಂತ ಗುರುತೇ ಮುಖ್ಯ.

ಮೊದಲು ಅಳತೆ

ಅಂತರಜಾಲದಲ್ಲಿ ಸಿಗುವ ಕಿಟ್ ಮತ್ತು ಟೆಂಪ್ಲೇಟ್‌ಗಳಲ್ಲಿ ಬಹುಪಾಲು 12 ಇಂಚು ಚೌಕದ ಪುಟಕ್ಕೆ ಮಾಡಿದವು. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600×3600. ನಿಮಗೆ ಬೇಕಾದ 6 ಇಂಚಿಗೆ 1800×1800 ಸಾಕು, 8 ಇಂಚಿಗೆ 2400×2400. ದೊಡ್ಡದನ್ನು ಸಣ್ಣದು ಮಾಡಿದರೆ ಚಿತ್ರ ಹಾಳಾಗುವುದಿಲ್ಲ, ಅಲ್ಲಿಯವರೆಗೆ ಸರಿ. ಆದರೆ ಅರ್ಧ ಮಾಡಿದಾಗ ಪುಟದ ಮೇಲಿರುವುದೆಲ್ಲ ಅರ್ಧವಾಗುತ್ತದೆ. 12 ಪಾಯಿಂಟಿನ ಬರಹ 6 ಪಾಯಿಂಟಾಗಿ ಓದಲು ಬಾರದಂತಾಗುತ್ತದೆ. ಕಾಗದದಂಚಿನ ಹೊಲಿಗೆ ಗೆರೆ ಕೂದಲೆಳೆಯಾಗಿ ಪ್ರಿಂಟಿನಲ್ಲಿ ಕಾಣುವುದೇ ಇಲ್ಲ. ಫೋಟೊ ಕೆಳಗಿನ ನೆರಳು ತೆಳ್ಳಗಾಗಿ ಫೋಟೊ ಕಾಗದಕ್ಕೆ ಅಂಟಿದಂತೆ ಚಪ್ಪಟೆಯಾಗುತ್ತದೆ.

ಅದಕ್ಕೇ ಟೆಂಪ್ಲೇಟ್ ಕೊಳ್ಳುವ ಮೊದಲು ಅದರ ಪ್ರಿವ್ಯೂ ಚಿತ್ರವನ್ನು ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆದು, ಸರಿಯಾಗಿ ಆರಿಂಚಿಗೆ ತಂದು ನೋಡಿ. ಆ ಅಳತೆಯಲ್ಲಿ ಬರಹದ ಜಾಗ ಹೆಬ್ಬೆರಳಿನಷ್ಟಾದರೂ ಅಗಲವಾಗಿದೆಯೇ? ಅತಿ ಸಣ್ಣ ಫೋಟೊ ಚೌಕಟ್ಟು ಎರಡಿಂಚಾದರೂ ಇದೆಯೇ? ಅಲ್ಲವಾದರೆ ಅದು ಬೇಡ. ಆರಿಂಚಿನ ಪುಟಕ್ಕೆ ಒಂದರಿಂದ ಮೂರು ಫೋಟೊ ಹಿಡಿಯುವ ಟೆಂಪ್ಲೇಟ್ ಒಳ್ಳೆಯದು. ಐದು ಫೋಟೊಗಳದ್ದು ಪ್ರಿವ್ಯೂನಲ್ಲಿ ಭರ್ಜರಿಯಾಗಿ ಕಾಣುತ್ತದೆ, ಆದರೆ ಪ್ರಿಂಟಿನಲ್ಲಿ ಇಪ್ಪತ್ತು ಜನರ ಮನೆತನದ ಫೋಟೊ ಎರಡಿಂಚಿಗೆ ಇಳಿದರೆ ಒಬ್ಬೊಬ್ಬರ ಮುಖ ಸಾಸಿವೆ ಕಾಳಿನಷ್ಟಾಗುತ್ತದೆ. ಗುಂಪಿನ ಫೋಟೊಗೆ ಪುಟ ಪೂರ್ತಿ ಕೊಡಿ, ಮಗುವಿನ ಮುಖ ಎರಡಿಂಚಿನಲ್ಲೂ ನಗುತ್ತದೆ.

ಇನ್ನೊಂದು ಲೆಕ್ಕವನ್ನೂ ಮೊದಲೇ ಮಾಡಿ. ಆರಿಸಿದ ಮೂವತ್ತು ಫೋಟೊಗಳಲ್ಲಿ ಎಷ್ಟು ನಿಂತವು (ಎತ್ತರ ಹೆಚ್ಚಿರುವವು), ಎಷ್ಟು ಮಲಗಿದವು (ಅಗಲ ಹೆಚ್ಚಿರುವವು)? ಮೊಬೈಲಿನಲ್ಲಿ ತೆಗೆದವು ಹೆಚ್ಚಾಗಿ ನಿಂತಿರುತ್ತವೆ, ಟೆಂಪ್ಲೇಟಿನ ಚೌಕಟ್ಟುಗಳು ಹೆಚ್ಚಾಗಿ ಮಲಗಿರುತ್ತವೆ. ನಿಂತ ಫೋಟೊವನ್ನು ಮಲಗಿದ ಚೌಕಟ್ಟಿಗೆ ತುರುಕಿದರೆ ತಲೆಯ ಪೇಟವೋ ಕಾಲ ಗೆಜ್ಜೆಯೋ ಕತ್ತರಿಸಿ ಹೋಗುತ್ತದೆ. ಚೌಕ ಚೌಕಟ್ಟುಗಳಿರುವ ಟೆಂಪ್ಲೇಟ್ ಎರಡಕ್ಕೂ ಹೊಂದುತ್ತದೆ.

ದಾರಿಗಳು ಯಾವುವು, ಯಾರಿಗೆ ಯಾವುದು

ಎಲ್ಲಕ್ಕಿಂತ ಸುಲಭದ್ದು ಪಾಕೆಟ್ ಕಾರ್ಡು. 4×6 ಫೋಟೊ ಹಾಕುವ ಪ್ಲಾಸ್ಟಿಕ್ ಜೇಬಿನ ಆಲ್ಬಂ ಪ್ರತಿ ಸ್ಟುಡಿಯೋದಲ್ಲೂ ಸಿಗುತ್ತದೆ. ಹಲವು ಕಿಟ್‌ಗಳಲ್ಲಿ 3×4 ಮತ್ತು 4×6 ಇಂಚಿನ ಸಿದ್ಧ ಕಾರ್ಡುಗಳಿರುತ್ತವೆ. ಒಂದು ಜೇಬಿಗೆ ಫೋಟೊ, ಎದುರಿನ ಜೇಬಿಗೆ ಕಾರ್ಡು. ಕಾರ್ಡಿನ ಮೇಲೆ ಹೆಸರು, ತಾರೀಖು, ನಾಲ್ಕು ಸಾಲು. 1200×1800 ಪಿಕ್ಸೆಲ್‌ಗೆ ತಂದು ಫೋಟೊಗಳ ಜೊತೆಗೇ ಪ್ರಿಂಟಿಗೆ ಕೊಟ್ಟರಾಯಿತು. ಲೇಯರ್ ಅಂದರೇನೆಂದು ಗೊತ್ತಿಲ್ಲದವರೂ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಒಂದು ಕಾರ್ಡು ಚೆನ್ನಾಗಿ ಬರದಿದ್ದರೆ ಅದೊಂದನ್ನೇ ಬದಲಿಸಬಹುದು. ಮೊದಲ ಆಲ್ಬಂ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಕೊರತೆಯೆಂದರೆ ಅದು ಜೇಬಿನ ಆಲ್ಬಂ ಆಗಿಯೇ ಉಳಿಯುತ್ತದೆ, ಪುಸ್ತಕದ ಕಳೆ ಬರುವುದಿಲ್ಲ.

ಕ್ವಿಕ್ ಪೇಜ್ ಅಂದರೆ ಪೂರ್ತಿ ಅಲಂಕಾರ ಮುಗಿಸಿ, ಫೋಟೊ ಜಾಗದಲ್ಲಿ ಮಾತ್ರ ತೂತು ಬಿಟ್ಟ ಪಿಎನ್‌ಜಿ. ಅದರ ಕೆಳಗೆ ಫೋಟೊ ಸರಿಸಿದರೆ ಪುಟ ಸಿದ್ಧ. ಕೆಲಸ ಐದು ನಿಮಿಷದ್ದು, ಆದರೆ ಕಟ್ಟುನಿಟ್ಟು. ತೂತಿನ ಅಳತೆ ಬದಲಾಗದು, ಹೂವು ಮುಖದ ಮೇಲೆ ಬಂದರೆ ಹೂವನ್ನು ಸರಿಸಲಾಗದು, ಮೇಲೆ ಬರೆದ ಇಂಗ್ಲಿಷ್ ತಲೆಬರಹ ಅಳಿಸಲಾಗದು. ಹದಿನೆಂಟು ಪುಟವೂ ಕ್ವಿಕ್ ಪೇಜ್ ಆದರೆ ಆಲ್ಬಂ ಶುಭಾಶಯ ಪತ್ರಗಳ ಕಟ್ಟಿನಂತೆ ಕಾಣುತ್ತದೆ. ಇಡೀ ಆಲ್ಬಂನಲ್ಲಿ ಎರಡು-ಮೂರು ಪುಟಕ್ಕೆ ಸರಿ.

ಲೇಯರ್ ಟೆಂಪ್ಲೇಟ್ ನಿಜವಾದ ಸಾಧನ. ಫೋಟೊಶಾಪ್‌ನ ಪಿಎಸ್‌ಡಿ ಕಡತದೊಳಗೆ ಪ್ರತಿ ಕಾಗದ, ಪ್ರತಿ ಫೋಟೊ ಜಾಗ ಬೂದು ಬಣ್ಣದ ಬೇರೆ ಬೇರೆ ಪದರವಾಗಿ, ಅಂದರೆ ಲೇಯರ್ ಆಗಿ, ಇರುತ್ತದೆ. ಬೇಡದ ಪದರ ಮುಚ್ಚಬಹುದು, ತಿರುಗಿಸಬಹುದು, ಬಿಂಬದಂತೆ ಎಡಬಲ ಮಾಡಬಹುದು. ಒಂದೇ ಟೆಂಪ್ಲೇಟನ್ನು ಕಾಲುಸುತ್ತು ತಿರುಗಿಸಿದರೆ ಬೇರೆಯದೇ ಪುಟವಾಗುತ್ತದೆ, ಹೀಗೆ ಐದು ಒಳ್ಳೆಯ ಟೆಂಪ್ಲೇಟ್‌ಗಳಿಂದ ಹದಿನೆಂಟು ಪುಟ ಹೊರಡುತ್ತವೆ. ನಮ್ಮ ಆಯ್ಕೆ ಇದೇ. ಕೊಳ್ಳುವಾಗ ನೆರಳು ಬೇಕಾದಾಗ ತಿದ್ದಬಹುದಾದ ಲೇಯರ್ ಸ್ಟೈಲ್ ಆಗಿದೆಯೋ ಚಿತ್ರದಲ್ಲೇ ಬೆರೆತಿದೆಯೋ ಎಂದು ವಿವರಣೆಯಲ್ಲಿ ನೋಡಿ. ಬೆರೆತ ನೆರಳನ್ನು ಮುಂದೆ ತಿದ್ದಲಾಗುವುದಿಲ್ಲ.

ಟೆಂಪ್ಲೇಟ್ ಇಲ್ಲದೆ ಬರೀ ಕಿಟ್‌ನಿಂದ ಖಾಲಿ ಪುಟ ತುಂಬುವುದು ಕೈ ಪಳಗಿದವರ ಕೆಲಸ. ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ: ಕಿಟ್‌ನಲ್ಲಿದ್ದುದನ್ನೆಲ್ಲ ಒಂದೇ ಪುಟಕ್ಕೆ ಹಾಕುವುದು. ಆರಿಂಚಿನ ಪುಟಕ್ಕೆ ಎರಡು ಕಾಗದ, ಒಂದು ಗೊಂಚಲು ಅಲಂಕಾರ, ಒಂದು ಬರಹ. ಅಷ್ಟೇ.

ಕ್ಯಾನ್ವಾದಂಥ ಆ್ಯಪ್‌ಗಳು ಫೋನಿನಲ್ಲೇ ಕೆಲಸ ಮುಗಿಸುತ್ತವೆ, ಕನ್ನಡ ಅಕ್ಷರಗಳೂ ಅದರಲ್ಲಿವೆ. ಆದರೆ ಒಂದು ಗುಂಡಿಯಿದೆ, ಅದರಲ್ಲಿ ಬೀಳಬೇಡಿ. ಪುಟದ ಅಳತೆಯನ್ನು 6 ಇಂಚು ಎಂದು ಕೊಟ್ಟರೆ ಜೆಪೆಗ್ ಇಳಿಸುವಾಗ ಅದು ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ. ಸಿಗುವುದು 576×576ರ ಚಿತ್ರ, ಪ್ರಿಂಟ್ ಮಾಡಿದರೆ ಮಂಜು ಮಂಜು. ಇಂಚು ಬಿಟ್ಟು 1800×1800 ಪಿಕ್ಸೆಲ್ ಎಂದೇ ಕೊಟ್ಟು ಶುರುಮಾಡಿ. ಕಿರೀಟದ ಗುರುತಿರುವ ಅಲಂಕಾರಗಳು ದುಡ್ಡಿನವು, ಉಚಿತ ಖಾತೆಯಲ್ಲಿ ಅವುಗಳ ಮೇಲೆ ನೀರುಗುರುತು ಬರುತ್ತದೆ. ಕೊನೆಯ ಪುಟ ಮುಗಿದ ಮೇಲೆ ಗೊತ್ತಾಗುವ ಬದಲು ಮೊದಲ ಪುಟದಲ್ಲೇ ನೋಡಿಕೊಳ್ಳಿ.

ಸ್ಟುಡಿಯೋದವರು ಬಳಸುವ ಮದುವೆಯ ಪಿಎಸ್‌ಡಿಗಳು ಪೆನ್‌ಡ್ರೈವ್‌ಗಳಲ್ಲಿ ಓಡಾಡುತ್ತಿರುತ್ತವೆ. ಅವು 12×36 ಇಂಚಿನ, ಎರಡು ಪುಟ ಕೂಡಿದ ಉದ್ದನೆಯ ಹಾಳೆಗಳು. ಆರಿಂಚಿನ ಚೌಕಕ್ಕೆ ಅವನ್ನು ಕತ್ತರಿಸಿದರೆ ಅರ್ಧ ಅಲಂಕಾರ ಆಚೆ ಹೋಗುತ್ತದೆ. ಸಣ್ಣ ಆಲ್ಬಂಗೆ ಅವು ಬೇಡ.

ಟೆಂಪ್ಲೇಟಿಗೆ ಫೋಟೊ ಕೂರಿಸುವುದು

ಫೋಟೊಶಾಪ್ ಇದ್ದರೆ ಸರಿ. ಇಲ್ಲದಿದ್ದರೆ ಬ್ರೌಸರಿನಲ್ಲೇ ತೆರೆಯುವ ಫೋಟೊಪಿಯಾ ಉಚಿತ, ಪಿಎಸ್‌ಡಿಯನ್ನು ಪದರಗಳ ಸಮೇತ ತೆರೆಯುತ್ತದೆ, ಕೀಲಿಗಳೂ ಹೆಚ್ಚುಕಡಿಮೆ ಅವೇ. ಕಡತಗಳು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ, ಯಾವ ಸರ್ವರಿಗೂ ಹೋಗುವುದಿಲ್ಲ. 4 ಜಿಬಿ ರ್‍ಯಾಮ್‌ನ ಹಳೇ ಕಂಪ್ಯೂಟರಿನಲ್ಲಿ 12 ಇಂಚಿನ ಕಡತ ತೆವಳುತ್ತದೆ, ಆದ್ದರಿಂದ ತೆರೆದ ಕೂಡಲೇ ಆರಿಂಚಿಗೆ ಇಳಿಸಿ. ಗಿಂಪ್ ಕೂಡ ಉಚಿತ, ಪಿಎಸ್‌ಡಿ ತೆರೆಯುತ್ತದೆ, ಆದರೆ ಅದರಲ್ಲಿ ಫೋಟೊವನ್ನು ಚೌಕಟ್ಟಿಗೆ ಕ್ಲಿಪ್ ಮಾಡುವ, ಅಂದರೆ ಚೌಕಟ್ಟಿನೊಳಗೆ ಮಾತ್ರ ಕಾಣುವಂತೆ ಮಾಡುವ, ನೇರ ದಾರಿ ಇಲ್ಲ. ಪ್ರತಿ ಫೋಟೊಗೂ ಚೌಕಟ್ಟಿನ ಜಾಗ ಆಯ್ಕೆ ಮಾಡಿ, ಹೊರಗಿನ ಭಾಗ ಮುಚ್ಚುವ ಮಾಸ್ಕ್ ಹಾಕಬೇಕು. ಮೂವತ್ತು ಫೋಟೊಗೆ ಅದು ಬೇಸರದ ಕೆಲಸ. ಸ್ಕ್ರ್ಯಾಪ್‌ಬುಕ್ಕಿಗೆ ಫೋಟೊಪಿಯಾ ಮೇಲು.

ಟೆಂಪ್ಲೇಟ್ ತೆರೆದೊಡನೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಇದನ್ನು ಮರೆತು ಮೂಲ ಟೆಂಪ್ಲೇಟಿನ ಮೇಲೇ ಸೇವ್ ಮಾಡಿ ಕಳೆದುಕೊಂಡವರು ಬಹಳ. ಆಮೇಲೆ ಇಮೇಜ್ ಸೈಜ್‌ನಲ್ಲಿ ರೆಸಲ್ಯೂಶನ್ 300 ಇರಿಸಿ ಅಗಲ 6 ಇಂಚು ಮಾಡಿ. ಈಗ ಪದರಗಳ ಪಟ್ಟಿಯಲ್ಲಿ ಬೂದು ಫೋಟೊ ಜಾಗದ ಮೇಲೆ ಒಮ್ಮೆ ಒತ್ತಿ, ಫೈಲ್ ಮೆನುವಿನ ಪ್ಲೇಸ್‌ನಿಂದ ಫೋಟೊ ತನ್ನಿ. ಅದು ಸರಿಯಾಗಿ ಆ ಪದರದ ಮೇಲೆಯೇ ಬಂದು ಕೂರುತ್ತದೆ. ಕಂಟ್ರೋಲ್, ಆಲ್ಟ್, ಜಿ ಮೂರನ್ನೂ ಒಟ್ಟಿಗೆ ಒತ್ತಿ. ಫೋಟೊ ಚೌಕಟ್ಟಿನೊಳಗೆ ಇಳಿಯುತ್ತದೆ. ಕಂಟ್ರೋಲ್ ಟಿ ಒತ್ತಿ ಮೂಲೆ ಹಿಡಿದು ಹಿಗ್ಗಿಸಿ ಕುಗ್ಗಿಸಿ. 2019ರ ಆವೃತ್ತಿಗಿಂತ ಹಳೆಯ ಫೋಟೊಶಾಪ್‌ನಲ್ಲಿ ಶಿಫ್ಟ್ ಹಿಡಿದೇ ಎಳೆಯಬೇಕು, ಇಲ್ಲದಿದ್ದರೆ ಮುಖ ಉದ್ದಕ್ಕೋ ಅಗಲಕ್ಕೋ ಜಗ್ಗುತ್ತದೆ.

ಫೋಟೊ ಇಡೀ ಪುಟ ಮುಚ್ಚಿದೆಯೇ? ಕ್ಲಿಪ್ ಮಾಡಿಲ್ಲ. ಫೋಟೊ ಮಾಯವಾಗಿದೆಯೇ? ಬೇರೆ ಪದರಕ್ಕೆ ಕ್ಲಿಪ್ ಆಗಿದೆ. ಪಟ್ಟಿಯಲ್ಲಿ ಅದನ್ನು ಎಳೆದು ಸರಿಯಾದ ಬೂದು ಪದರದ ಮೇಲಿಡಿ. ಅಂಚಿನಲ್ಲಿ ಬೂದು ಎಳೆ ಇಣುಕುತ್ತಿದೆಯೇ? ಫೋಟೊ ಚೌಕಟ್ಟಿಗಿಂತ ಒಂದು ಕೂದಲಷ್ಟು ಸಣ್ಣದಾಗಿದೆ. ಪರದೆಯ ಮೇಲೆ ಕಾಣದ ಆ ಎಳೆ ಪ್ರಿಂಟಿನಲ್ಲಿ ಎದ್ದು ಕಾಣುತ್ತದೆ, ಆದ್ದರಿಂದ ಪ್ರತಿ ಪುಟವನ್ನೂ ಶೇಕಡಾ 100ಕ್ಕೆ ಹಿಗ್ಗಿಸಿ ನಾಲ್ಕೂ ಅಂಚು ನೋಡಿ. ಕಾಗದಗಳಿಗೂ ಇದೇ ಕ್ರಮ: ಬೂದು ಕಾಗದದ ಪದರದ ಮೇಲೆ ಕಿಟ್‌ನ ಕಾಗದ ತಂದು ಕ್ಲಿಪ್.

ಕೊನೆಯಲ್ಲಿ ನೆರಳು. ಕಾಗದಕ್ಕೆ 6ರಿಂದ 8 ಪಿಕ್ಸೆಲ್ ದೂರ, ಫೋಟೊಗೆ 10, ಗಾಢತೆ ಶೇಕಡಾ 40ರ ಆಸುಪಾಸು. ಎಲ್ಲದಕ್ಕೂ ಬೆಳಕು ಒಂದೇ ದಿಕ್ಕಿನಿಂದ. ಹೂವಿನ ನೆರಳು ಎಡಕ್ಕೆ, ಫೋಟೊದ ನೆರಳು ಬಲಕ್ಕೆ ಬಿದ್ದರೆ ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ವಾಟ್ಸಾಪಿನ ಫೋಟೊ ನಡೆಯುತ್ತದೆಯೇ

ಕೆಲವು ಕಡೆ ನಡೆಯುತ್ತದೆ. ಸಾಮಾನ್ಯವಾಗಿ ಕಳಿಸಿದ ಫೋಟೊ ಉದ್ದದ ಬದಿಗೆ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿರುತ್ತದೆ. ಮೂರಿಂಚಿನ ಚೌಕಟ್ಟಿಗೆ 900 ಪಿಕ್ಸೆಲ್ ಸಾಕಾದ್ದರಿಂದ ಅಲ್ಲಿ ಚಿಂತೆಯಿಲ್ಲ. ಪುಟ ಪೂರ್ತಿ ತುಂಬಲು ಹೊರಟರೆ 1600×1200ರ ಫೋಟೊದಿಂದ ಚೌಕ ಕತ್ತರಿಸಿದಾಗ ಉಳಿಯುವುದು 1200, ಅಂದರೆ ಇಂಚಿಗೆ 200. ನೋಡಬಹುದು, ಆದರೆ ರೆಪ್ಪೆಗೂದಲು ಮೆತ್ತಗಾಗುತ್ತವೆ. 8 ಇಂಚಿನ ಪುಟಕ್ಕೆ ಅದೇ ಫೋಟೊ ಇಂಚಿಗೆ 150, ಬೇಡವೇ ಬೇಡ. ಫೋಟೊ ತೆಗೆದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಮೂಲ ಕಡತವೇ ಬರುತ್ತದೆ. ಸ್ಟೇಟಸ್‌ನಿಂದ ಹೊಡೆದ ಸ್ಕ್ರೀನ್‌ಶಾಟ್ ಎರಡಿಂಚಿನ ಚೌಕಟ್ಟಿಗೆ ಮಾತ್ರ.

ನಮ್ಮ ಕಡೆಯ ಬಿಸಿಲಿನಲ್ಲಿ ಹಗಲು ತೆಗೆದ ಫೋಟೊಗಳಲ್ಲಿ ಸೆರಗಿನ ಕೆಳಗೆ, ಪೇಟದ ಕೆಳಗೆ ಮುಖ ಕಪ್ಪಾಗಿರುತ್ತದೆ. ಹಿಂದಿನ ಬಂಡೆಯೋ ಸುಣ್ಣದ ಗೋಡೆಯೋ ಬೆಳ್ಳಗೆ ಸುಟ್ಟಿರುತ್ತದೆ. ಟೆಂಪ್ಲೇಟಿಗೆ ಹಾಕುವ ಮೊದಲೇ ಶ್ಯಾಡೋಸ್ (ಕಪ್ಪು ಭಾಗ) ಏರಿಸಿ, ಹೈಲೈಟ್ಸ್ (ಬೆಳ್ಳಗಿನ ಭಾಗ) ಇಳಿಸಿ. ಪರದೆಯ ಹೊಳಪಿನಲ್ಲಿ ಸರಿ ಅನಿಸಿದ್ದು ಕಾಗದದ ಮೇಲೆ ಇನ್ನೂ ಕಪ್ಪಾಗುತ್ತದೆ.

ಕನ್ನಡದ ಹೆಸರು, ಇಳಕಲ್ಲಿನ ದಡಿ

ಕಿಟ್‌ಗಳಲ್ಲಿ ಬರುವ ಅಲಂಕಾರದ ಅಕ್ಷರಗಳು ಎ, ಬಿ, ಸಿ ಮಾತ್ರ. ಅದಕ್ಕಾಗಿ ಮಗುವಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಬೇಕಿಲ್ಲ. ಬಲೂ ತಮ್ಮ 2ರಂಥ ದಪ್ಪ ಅಕ್ಷರದಲ್ಲಿ ಹೆಸರು ಟೈಪ್ ಮಾಡಿ, 48 ಪಾಯಿಂಟೋ 60ಓ ಮಾಡಿ. ಅದರ ಮೇಲೆ ಕಿಟ್‌ನ ಕಾಗದ ಇಟ್ಟು ಫೋಟೊಗೆ ಮಾಡಿದಂತೆಯೇ ಕ್ಲಿಪ್ ಮಾಡಿ, ಅಕ್ಷರದ ಪದರಕ್ಕೆ 5 ಪಿಕ್ಸೆಲ್ ನೆರಳು ಕೊಡಿ. ಕಾಗದದಿಂದ ಕತ್ತರಿಸಿ ಅಂಟಿಸಿದ ಕನ್ನಡ ಅಕ್ಷರ ಸಿದ್ಧ. ತೆಳ್ಳಗಿನ ಅಕ್ಷರಕ್ಕೆ ಇದು ಹೊಂದದು, ಕಾಗದದ ವಿನ್ಯಾಸ ಕಾಣಲು ಅಗಲ ಬೇಕು. ಸಣ್ಣ ಬರಹಕ್ಕೆ ಬೆಣ್ಣೆ, ಹುಬ್ಬಳ್ಳಿ, ಅನೇಕ್ ಕನ್ನಡ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. 9 ಪಾಯಿಂಟಿಗಿಂತ ಇಳಿಯಬೇಡಿ, ಸಾಲುಗಳ ನಡುವೆ ಅಕ್ಷರದ ಒಂದೂವರೆಪಟ್ಟು ಜಾಗ ಬಿಡಿ. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಟೈಪ್ ಮಾಡಿದ ಕೂಡಲೇ ‘ಶ್ರೀ’, ‘ಕೃಷ್ಣ’, ‘ಲಕ್ಷ್ಮಿ’ ಬರೆದು ನೋಡಿ. ಒತ್ತು ಬಿಡಿಬಿಡಿಯಾಗಿ ಬಿದ್ದರೆ, 2022ಕ್ಕಿಂತ ಮುಂಚಿನ ಆವೃತ್ತಿಗಳಲ್ಲಾದರೆ, ಫೋಟೊಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಟೈಪ್‌ಗೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಇನ್ನೂ ಸ್ವಲ್ಪ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್. ಬದಲಿಸಿದ ಮೇಲೆ ಹೊಸ ಕಡತ ತೆರೆದು ಮತ್ತೆ ಟೈಪ್ ಮಾಡಿ. ಫೋಟೊಶಾಪ್ 7.0ರಲ್ಲಿ ಯುನಿಕೋಡ್ ಕನ್ನಡ ಕೂಡಿಕೊಳ್ಳುವುದೇ ಇಲ್ಲ, ಅದಕ್ಕೇ ಹಳೇ ಸ್ಟುಡಿಯೋಗಳು ನುಡಿಯ ಹಳೆಯ ಅಕ್ಷರಗಳನ್ನೇ ಬಳಸುತ್ತ ಬಂದವು. ಅಂಥ ಕಡತ ನಿಮ್ಮಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಆ ಫಾಂಟ್ ನಿಮ್ಮಲ್ಲಿಲ್ಲ, ಅಷ್ಟೇ. ಯಾವ ದಾರಿಯೂ ಆಗದಿದ್ದರೆ ಗಿಂಪ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ಬರೆದು ಪಿಎನ್‌ಜಿ ಮಾಡಿ ತನ್ನಿ, ಅಲ್ಲಿ ಒತ್ತಕ್ಷರ ಸರಿಯಾಗಿ ಕೂಡುತ್ತವೆ.

ಇನ್ನು ಬಣ್ಣ. ಕೊಳ್ಳುವ ಕಿಟ್‌ಗಳಲ್ಲಿ ಹೆಚ್ಚಿನವು ಹೊರದೇಶದವು. ಅವುಗಳಲ್ಲಿ ಮೇಪಲ್ ಎಲೆ, ಹಿಮ, ಕ್ರಿಸ್‌ಮಸ್ ಮರ, ತೆಳು ಗುಲಾಬಿ, ತೆಳು ನೀಲಿ. ಹಸಿರು ಬಳೆ, ಅರಿಶಿನ, ಕೆಂಪು ಸೆರಗಿನ ಕುಬಸದ ಫೋಟೊ ಪಕ್ಕದಲ್ಲಿ ಅವು ಬಾಡಿದಂತೆ ಕಾಣುತ್ತವೆ. ಕೊಳ್ಳುವುದಾದರೆ ಹೂವಿನ ಕಿಟ್ ಬಿಟ್ಟು ಗೆರೆ, ಚುಕ್ಕೆ, ಬಣ್ಣದ ಹಾಳೆಗಳಿರುವ ಸಾದಾ ಕಿಟ್ ಕೊಳ್ಳಿ. ಕಾಗದಗಳಲ್ಲಿ ಎರಡು-ಮೂರನ್ನು ನೀವೇ ಮಾಡಿಕೊಳ್ಳಿ, ಅದಕ್ಕೆ ಬೇಕಾದ ಸಾಮಾನು ಟ್ರಂಕಿನಲ್ಲೇ ಇದೆ.

ಇಳಕಲ್ಲ ಸೀರೆಯೊಂದನ್ನು ಇಸ್ತ್ರಿ ಮಾಡಿ, ನೆರಳಿನ ಕಟ್ಟೆಯ ಮೇಲೆ ಬಿಗಿಯಾಗಿ ಹಾಸಿ. ಬೆಳಗಿನ ಎಂಟು-ಒಂಬತ್ತರ ಹೊತ್ತು, ಬಿಸಿಲು ನೇರ ಬೀಳದ ಜಾಗ. ಮೊಬೈಲನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿಯಿರಿ, ಓರೆ ಹಿಡಿದರೆ ಚೌಕಳಿ ಒಂದು ಕಡೆ ಸಣ್ಣದಾಗುತ್ತ ಹೋಗುತ್ತದೆ. ಮೂಲೆಯಲ್ಲಿ ಬಿಳಿ ಹಾಳೆಯ ಚೂರೊಂದು ಇರಲಿ. ನೆರಳಿನಲ್ಲಿ ಫೋಟೊ ನೀಲಿಗೆ ತಿರುಗಿರುತ್ತದೆ, ಆ ಬಿಳಿಯನ್ನು ನೋಡಿ ಬಣ್ಣ ಸರಿಮಾಡಬಹುದು. ಒಡಲಿನದೊಂದು, ಸೆರಗಿನ ತೋಪ ತೆನೆಯದೊಂದು, ದಡಿಯದೊಂದು ಫೋಟೊ ತೆಗೆಯಿರಿ. 12 ಮೆಗಾಪಿಕ್ಸೆಲ್ ಫೋನಿನಲ್ಲಿ 4000×3000 ಬರುತ್ತದೆ, ನಡುವಿನ ಚೌಕ ಕತ್ತರಿಸಿ 1800ಕ್ಕೆ ಇಳಿಸಿದರೆ ಒಂದು ಕಾಗದವಾಯಿತು. ಇಳಿಸುವಾಗ ಸಣ್ಣ ಚೌಕಳಿಗಳ ಮೇಲೆ ನೀರಿನ ಅಲೆಯಂಥ ಗೆರೆ ಎದ್ದರೆ, ಇಳಿಸುವ ಮೊದಲು ಒಂದು ಪಿಕ್ಸೆಲ್ ಬ್ಲರ್ ಕೊಡಿ. ಇಲ್ಲವೇ ಇನ್ನೂ ಹತ್ತಿರದಿಂದ ತೆಗೆಯಿರಿ, ನೂಲು ದೊಡ್ಡದಾಗಿ ಕಂಡರೆ ಅಲೆ ಏಳುವುದಿಲ್ಲ. ಒಡಲಿನ ಕಾಗದದ ಮೇಲೆ ಬಿಳಿ ಪದರವೊಂದನ್ನು ಶೇಕಡಾ 35ಕ್ಕೆ ಹಾಸಿ, ಬಣ್ಣ ಹಿಂದೆ ಸರಿದು ಫೋಟೊ ಮುಂದೆ ಬರುತ್ತದೆ. ದಡಿಯನ್ನು 1800×250ರ ಪಟ್ಟಿಯಾಗಿ ಕತ್ತರಿಸಿ ಪುಟದ ಕೆಳಗೆ ರಿಬ್ಬನ್ನಿನಂತೆ ಹಾಯಿಸಿ. ಮಗುವಿನ ತೊಟ್ಟಿಲಿನ ಪುಟಕ್ಕೆ ಅದರ ಅಜ್ಜಿಯ ಸೀರೆಯ ದಡಿ ಬಂತು. ಯಾವ ಅಂಗಡಿಯ ಕಿಟ್‌ನಲ್ಲೂ ಇದು ಸಿಗದು.

ಸಂಡೂರಿನ ಲಂಬಾಣಿ ಕಸೂತಿಯೂ ಹೀಗೆಯೇ ಬರುತ್ತದೆ, ಆದರೆ ಕನ್ನಡಿಗಳು ಆಕಾಶವನ್ನು ಹಿಡಿದು ಬಿಳಿ ಚುಕ್ಕೆಯಾಗುತ್ತವೆ. ಬಾಗಿಲೊಳಗೆ ತೆಗೆದರೆ ತಡೆಯಬಹುದು. ಕಿನ್ನಾಳದ ಗೊಂಬೆ ಮನೆಯಲ್ಲಿದ್ದರೆ ಬಿಳಿ ಹಾಳೆಯ ಮೇಲಿಟ್ಟು ತೆಗೆದು, ಹಿನ್ನೆಲೆ ಅಳಿಸಿ ಪಿಎನ್‌ಜಿ ಮಾಡಿದರೆ ಮೂಲೆಗೆ ಒಳ್ಳೆಯ ಅಲಂಕಾರ.

ಕೊಂಡ ಕಿಟ್‌ಗೆ ನಿಬಂಧನೆ ಇರುತ್ತದೆ, ಓದಿ. ಪರ್ಸನಲ್ ಯೂಸ್ ಎಂದಿದ್ದರೆ ಸ್ವಂತ ಮನೆಯ ಆಲ್ಬಂಗೆ ಮಾತ್ರ. ದುಡ್ಡು ಪಡೆದು ಬೇರೆಯವರ ಆಲ್ಬಂ ಮಾಡಿಕೊಡುವವರು ಕಮರ್ಷಿಯಲ್ ಯೂಸ್ ಅಥವಾ ಸ್ಕ್ರ್ಯಾಪ್ ಫಾರ್ ಹೈರ್ ಅನುಮತಿ ಇರುವುದನ್ನೇ ಕೊಳ್ಳಬೇಕು. ಕಿಟ್ ಕಡತಗಳನ್ನು ಗೆಳೆಯರಿಗೆ ಹಂಚುವಂತಿಲ್ಲ. ಅದನ್ನು ಮಾಡಿದವರ ಅನ್ನ ಅದರಲ್ಲಿದೆ.

ಲ್ಯಾಬೋ, ಪ್ರೆಸ್ಸೋ

ಒಂದೋ ಎರಡೋ ಪ್ರತಿ ಬೇಕಾದರೆ ಕಲರ್ ಲ್ಯಾಬ್. ಫೋಟೊ ಕಾಗದದ ಮೇಲೆ ಮುಖದ ಬಣ್ಣ ಬರುವಷ್ಟು ಚೆನ್ನಾಗಿ ಡಿಜಿಟಲ್ ಪ್ರೆಸ್ಸಿನ ಟೋನರ್ (ಪುಡಿಶಾಯಿ) ಯಂತ್ರದಲ್ಲಿ ಬರುವುದಿಲ್ಲ. ಗಂಡನ ಮನೆಗೊಂದು, ತವರಿಗೊಂದು, ಸೋದರಮಾವನಿಗೊಂದು ಎಂದು ಲೆಕ್ಕ ಆರು ದಾಟಿದರೆ ಡಿಜಿಟಲ್ ಪ್ರೆಸ್ ಅಗ್ಗ. ಹಾಳೆಯ ಎರಡೂ ಬದಿಗೆ ಅಚ್ಚಾಗುತ್ತದೆ, ಪುಸ್ತಕದಂತೆ ಹೊಲಿಗೆ ಬೀಳುತ್ತದೆ. ಒಳಪುಟಕ್ಕೆ 170 ಜಿಎಸ್‌ಎಂ (ಕಾಗದದ ತೂಕದ ಅಳತೆ) ಆರ್ಟ್ ಪೇಪರ್, ರಟ್ಟಿಗೆ 300. ನಡುವೆ ಪಿನ್ ಹೊಡೆಯುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 16, 20, 24. ಪ್ರೆಸ್ಸಿನಲ್ಲಿ ಗಿಳಿಹಸಿರು ಮಂಕಾಗುತ್ತದೆ, ಕಡುನೀಲಿ ನೇರಳೆಯತ್ತ ಜಾರುತ್ತದೆ, ಏಕೆಂದರೆ ನಾಲ್ಕು ಬಣ್ಣದ ಟೋನರಿಗೆ ಪರದೆಯ ಅಷ್ಟೂ ಬಣ್ಣ ಎಟುಕುವುದಿಲ್ಲ. ಮಡಿಕೆ ಬರುವಲ್ಲಿ ಗಾಢ ಬಣ್ಣ ಹಾಕಬೇಡಿ, ಮಡಿಸಿದಾಗ ಟೋನರ್ ಬಿರಿದು ಬಿಳಿ ಗೆರೆ ಕಾಣುತ್ತದೆ.

ಲ್ಯಾಬಿನಲ್ಲಿ ಆರಿಂಚಿನ ಪುಟಗಳನ್ನು ಬಿಡಿಬಿಡಿಯಾಗಿ ಹಾಕಿಸುವ ಬದಲು 12×18ರ ಹಾಳೆಗೆ ಆರು ಪುಟ ಕೂಡಿಸಿ. ಹಾಳೆ 3600×5400 ಪಿಕ್ಸೆಲ್. ಸರಿಯಾಗಿ ಆರಿಂಚಿನ ಆರು ಪುಟ ಒತ್ತೊತ್ತಾಗಿ ಇಟ್ಟರೆ ಕತ್ತರಿಸುವಾಗ ಒಂದು ಪುಟದ ಅಂಚು ಇನ್ನೊಂದಕ್ಕೆ ಹೋಗುತ್ತದೆ. ಯಂತ್ರವೂ ಅಂಚು ಬಿಡದೆ ಅಚ್ಚಿಸಲು ಚಿತ್ರವನ್ನು ತುಸು ಹಿಗ್ಗಿಸಿ ಸುತ್ತ ಒಂದೆರಡು ಮಿಲಿಮೀಟರ್ ತಿನ್ನುತ್ತದೆ. ಅದಕ್ಕೇ ಪ್ರತಿ ಪುಟವನ್ನು 1725 ಪಿಕ್ಸೆಲ್‌ಗೆ, ಅಂದರೆ ಐದೂಮುಕ್ಕಾಲು ಇಂಚಿಗೆ ಇಳಿಸಿ, ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು ಇಟ್ಟು, ಸುತ್ತಲೂ ನಡುವೆಯೂ 50 ಪಿಕ್ಸೆಲ್‌ಗೆ ಕಡಿಮೆಯಿಲ್ಲದಂತೆ ಬಿಳಿ ಬಿಡಿ. ಮೂರು ಹಾಳೆಗೆ 18 ಪುಟ, ನಾಲ್ಕಕ್ಕೆ 24. ಇಪ್ಪತ್ತು ಪುಟ ಅಂದುಕೊಂಡರೆ ನಾಲ್ಕನೇ ಹಾಳೆಯಲ್ಲಿ ನಾಲ್ಕು ಜಾಗ ವ್ಯರ್ಥ. ಬರಹ ಮತ್ತು ಮುಖಗಳು ಪುಟದ ಅಂಚಿನಿಂದ 6 ಮಿಲಿಮೀಟರ್ ಒಳಗಿರಲಿ. ಅಂಚಿಗೆ ತೂತು ಹೊಡೆದು ತಂತಿ ಪೋಣಿಸುವ ವೈರೋ ಬೈಂಡಿಂಗ್ ಮಾಡಿಸುವುದಾದರೆ ಆ ಬದಿಗೆ 12 ಮಿಲಿಮೀಟರ್ ಬಿಡಿ. ಬಲಪುಟಕ್ಕೆ ಎಡಬದಿ, ಎಡಪುಟಕ್ಕೆ ಬಲಬದಿ. ಎಲ್ಲ ಪುಟಕ್ಕೂ ಎಡಕ್ಕೇ ಬಿಟ್ಟರೆ ಅರ್ಧ ಆಲ್ಬಂನ ಫೋಟೊಗಳಿಗೆ ತೂತು ಬೀಳುತ್ತದೆ.

ಪೂರ್ತಿ ಹಾಕಿಸುವ ಮುಂಚೆ ಒಂದು 4×6 ಪರೀಕ್ಷೆಯ ಪ್ರಿಂಟ್ ತೆಗೆಸಿ. ಒಂದೇ ಮುಖವನ್ನು ಮೂರು ಸಲ ಪಕ್ಕಪಕ್ಕ ಇಡಿ: ಇದ್ದ ಹಾಗೆ ಒಂದು, ಹೊಳಪು 10 ಏರಿಸಿದ್ದೊಂದು, 20 ಏರಿಸಿದ್ದೊಂದು. ಹಗಲು ಬೆಳಕಿನಲ್ಲಿ ನೋಡಿ ಯಾವುದು ಸರಿಯೋ ಅಷ್ಟನ್ನು ಎಲ್ಲ ಪುಟಕ್ಕೂ ಏರಿಸಿ. ಕಡತಗಳನ್ನು ಎಸ್‌ಆರ್‌ಜಿಬಿ ಬಣ್ಣಕ್ರಮದಲ್ಲಿ, ಜೆಪೆಗ್ ಗುಣಮಟ್ಟ (ಫೋಟೊಶಾಪ್‌ನ 12ರ ಅಳತೆಯಲ್ಲಿ) 10ಕ್ಕಿಂತ ಮೇಲೆ ಇಟ್ಟು, ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಕೌಂಟರಿನಲ್ಲಿ ಎರಡು ಮಾತು ಮರೆಯದೆ ಹೇಳಿ: ‘ಕರೆಕ್ಷನ್ ಬೇಡ ಅಣ್ಣಾ, ಕ್ರಾಪ್ ಮಾಡಬ್ಯಾಡ್ರಿ.’ ಕರೆಕ್ಷನ್ ಆನ್ ಇದ್ದರೆ ಯಂತ್ರ ಪ್ರತಿ ಹಾಳೆಯನ್ನೂ ತನಗೆ ತೋಚಿದಂತೆ ತಿದ್ದುತ್ತದೆ. ಮೊದಲ ಹಾಳೆಯಲ್ಲಿ ಕೆನೆಬಣ್ಣವಿದ್ದ ಕಾಗದ ಎರಡನೆಯದರಲ್ಲಿ ನೀಲಿಗೆ ತಿರುಗುತ್ತದೆ. ಕಾಗದ ಮ್ಯಾಟ್ ಕೇಳಿ. ಗ್ಲಾಸಿಯ ಮೇಲೆ ಬೆರಳಚ್ಚು ನಿಲ್ಲುತ್ತದೆ, ಮಕ್ಕಳ ಕೈಗೆ ಹೋಗುವ ಆಲ್ಬಂಗೆ ಅದು ಬೇಡ.

ಸ್ಟೀಲ್ ಸ್ಕೇಲ್ ಮತ್ತು ಹೊಸ ಬ್ಲೇಡಿನ ಕಟರ್‌ನಿಂದ, ಬಿಳಿ ಅಂಚಿನಿಂದ ಒಂದು ಮಿಲಿಮೀಟರ್ ಒಳಗೆ ಕತ್ತರಿಸಿ. ಎರಡು ಪುಟ ಬೆನ್ನಿಗೆ ಬೆನ್ನು ಅಂಟಿಸಲು ಬಿಳಿ ಗೋಂದು ಬಳಸಬೇಡಿ. ಫೋಟೊ ಕಾಗದದ ಎರಡೂ ಬದಿಗೆ ಪ್ಲಾಸ್ಟಿಕ್ಕಿನ ತೆಳು ಪದರವಿರುವುದರಿಂದ ಗೋಂದಿನ ನೀರು ಹೋಗಲು ದಾರಿಯಿಲ್ಲದೆ ಒಳಗೇ ಉಳಿದು ಪುಟ ಗುಳ್ಳೆ ಏಳುತ್ತದೆ. ಎರಡೂ ಬದಿ ಅಂಟುವ ಟೇಪನ್ನು ನಾಲ್ಕಂಚಿಗೂ ನಡುವೆ ಗುಣಿಸು ಗುರುತಿನಂತೆಯೂ ಹಾಕಿ ಒತ್ತಿ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೆಳಗಿನ ಟ್ರಂಕಿನಲ್ಲಿಟ್ಟರೆ ಟೇಪಿನ ಅಂಟು ಕರಗಿ ಪುಟಗಳು ಜಾರುತ್ತವೆ, ಅಗ್ಗದ ಪಿವಿಸಿ ಜೇಬುಗಳು ಫೋಟೊಗೆ ಮೆತ್ತಿಕೊಂಡು ಬಿಡಿಸಿದರೆ ಬಣ್ಣವೇ ಎದ್ದುಬರುತ್ತದೆ. ಜೇಬಿನ ಆಲ್ಬಂ ಕೊಳ್ಳುವಾಗ ಪಾಲಿಪ್ರೊಪಿಲೀನ್ ಎಂದು ಬರೆದದ್ದನ್ನೇ ಆರಿಸಿ. ಟಿವಿ ಪಕ್ಕದಿಂದ ಎತ್ತಿಡುವಾಗ ಆಲ್ಬಂ ಅನ್ನು ಒಳಕೋಣೆಯ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಪುಟಗಳ ಪಿಎಸ್‌ಡಿಗಳನ್ನೂ, ಕಿಟ್‌ನ ಜಿಪ್ ಕಡತವನ್ನೂ ಇನ್ನೊಂದು ಪೆನ್‌ಡ್ರೈವ್‌ನಲ್ಲಿಟ್ಟು ಅದೇ ಕಪಾಟಿಗೆ ಹಾಕಿ. ತವರಿನವರು ಮುಂದಿನ ವರ್ಷ ಮತ್ತೊಂದು ಪ್ರತಿ ಕೇಳಿದಾಗ ಮೂರು ಹಾಳೆ ಹಾಕಿಸಿದರೆ ಸಾಕು.